ಬದನಿಕೆ ಹೂವಿಗೆ ಕಟ್ಟಿದ ಚೀಲ

ನನ್ನ ಮೇಷ್ಟ್ರೇ,

ನೀವು ಹೋಗಿ ಎಂಟು ತಿಂಗಳಾಯಿತು. ಇಷ್ಟು ದಿನ ನಿಮಗೆ ಕಾಗದ ಬರೆಯೋಣ ಅಂತ ಕೂತಾಗಲೆಲ್ಲ ಎರಡು ಸಾಲು ಬರೆದು ಹರಿದುಹಾಕಿದ್ದೇನೆ. ಭಯ. ಸತ್ತವರ ಹತ್ತಿರ ಎಂಥ ಭಯವೇ ಅಂತ ನಮ್ಮಮ್ಮ ಕೇಳಿದರು. ಬದುಕಿದ್ದಾಗ ನಿಮಗೆ ಹೆದರದೇ ಇದ್ದವರು ಯಾರಿದ್ದರು, ನೀವೇ ಹೇಳಿ? ನಿಮ್ಮ ಚಪ್ಪಲಿ ಸದ್ದು ಕಾರಿಡಾರಿನ ಆ ತುದಿಯಲ್ಲಿ ಕೇಳಿದರೆ ಈ ತುದಿಯಲ್ಲಿ ನಾವು ಎದ್ದು ನಿಲ್ಲುತ್ತಿದ್ದೆವು. ಇವತ್ತು ಮಾತ್ರ ಭಯವಿಲ್ಲ. ಮನಸ್ಸು ಹಗುರವಾಗಿದೆ. ಬೆಳಿಗ್ಗೆ ಕಾಫಿ ಕುಡಿದವಳೇ ಕಾಲೇಜಿಗೆ ಬಂದು, ನಿಮ್ಮ ಹಳೇ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಹೌದು, ನಿಮ್ಮ ಕುರ್ಚಿಯಲ್ಲೇ ಕೂತಿದ್ದೇನೆ. ಒಂದು ಕಾಲು ಇನ್ನೂ ಕುಂಟುತ್ತದೆ.

ಸ್ವಾತಂತ್ರ್ಯ ಬಂದ ವರ್ಷ ಸಂತೆಪೇಟೆಯಿಂದ ನಡೆದುಕೊಂಡು ಬಂದು ನಿಮ್ಮ ಸಸ್ಯಶಾಸ್ತ್ರದ ಕ್ಲಾಸಿನ ಬಾಗಿಲಲ್ಲಿ ನಿಂತಿದ್ದೆ, ನೆನಪಿದೆಯಾ? "ಏನಮ್ಮ, ಸಂಗೀತದ ಕ್ಲಾಸು ಆ ಕಡೆ" ಅಂದಿರಿ. "ನಂಗೆ ರಾಗ ಬರಲ್ಲ ಸಾರ್, ಅದಕ್ಕೇ ಈ ಕಡೆ ಬಂದೆ" ಅಂದೆ. ಕ್ಲಾಸೆಲ್ಲ ನಕ್ಕಿತು. ನೀವು ನಗಲಿಲ್ಲ, ಆದರೆ ಅವತ್ತಿನಿಂದ ನನ್ನ ಹೆಸರನ್ನು ಮರೆಯಲೂ ಇಲ್ಲ. "ಗಿರಿಜಮ್ಮ, ನೀನು ಮಾತು ಕಮ್ಮಿ ಮಾಡಿದ್ರೆ ಒಳ್ಳೇ ವಿಜ್ಞಾನಿ ಆಗ್ತೀಯ" ಅಂತ ಮೂರು ವರ್ಷ ಹೇಳಿದಿರಿ. ನಾನು ಎಂ.ಎಸ್ಸಿ. ಮುಗಿಸಿ ಬಂದು ನಿಮ್ಮ ಕೈಕೆಳಗೇ ಡೆಮಾನ್‌ಸ್ಟ್ರೇಟರ್ ಆದ ಮೇಲೂ ಹೇಳಿದಿರಿ. ಮಾತು ಕಮ್ಮಿಯಾಗಲಿಲ್ಲ, ನೀವೇ ಸುಸ್ತಾದಿರಿ. ಬೆಲ್ಲದ ಮಂಡಿಯ ಮನೆಯ ಹುಡುಗಿ, ನಾಲಿಗೆ ಹೇಗೆ ಸುಮ್ಮನಿದ್ದೀತು?

ಕೆಸರೆಯ ಮಾವಿನ ತೋಪಿಗೆ ನಾವು ಮೊದಲ ಸಲ ಹೋದ ಬೆಳಿಗ್ಗೆ ನಿಮ್ಮ ಕೈಯಲ್ಲಿ ಕೊಡೆ, ನನ್ನ ಕೈಯಲ್ಲಿ ಸ್ಪಿರಿಟ್ಟಿನ ಸೀಸೆಗಳ ಬುಟ್ಟಿ. ಮಾವಿನ ಕೊಂಬೆಯ ಮೇಲೆ ಬೇರು ಬಿಟ್ಟು ಅದರ ರಸವನ್ನೇ ಹೀರಿ ಬದುಕುವ ಬದನಿಕೆಯನ್ನು ತೋಪಿನವರು ಕಂಡಲ್ಲಿ ಕಡಿದುಹಾಕುತ್ತಿದ್ದರು. ನೀವು ಮಾತ್ರ ಮಗಳ ಮದುವೆಗೆ ವರ ನೋಡಲು ಬಂದವರ ಹಾಗೆ ಅದರ ಕೆಳಗೆ ಕತ್ತೆತ್ತಿ ನಿಂತಿರಿ. ಆ ಹೂವಿನೊಳಗೆ ಬೀಜ ಕಟ್ಟುವ ಮೊದಲ ಗಳಿಗೆಯನ್ನು ನೋಡಬೇಕು ಅನ್ನುವುದು ನಿಮ್ಮ ಹಟ. ಗರ್ಭ ಕಟ್ಟಿದ ಮೇಲೆ ಮೊದಲ ಕೋಶ ಎರಡಾಗುತ್ತದಲ್ಲ, ಆ ಹಂತ. ಅದಕ್ಕೆ ಮುಂಚಿನದೆಲ್ಲ ನಮಗೆ ಸಿಕ್ಕಿತ್ತು. ಅದೊಂದು ಮಾತ್ರ ಏಳು ಸೀಸನ್ನು ಹುಡುಕಿದರೂ ಸಿಗಲಿಲ್ಲ. "ಮರದ ಮೇಲಿನ ಕಳೆ ನೋಡೋಕೆ ಇಷ್ಟು ಓದಬೇಕಿತ್ತೇನಮ್ಮ?" ಅಂತ ನಮ್ಮಪ್ಪ ಈಗಲೂ ಕೇಳುತ್ತಾರೆ.

ಶಾರದಮ್ಮನವರು ಅಗ್ರಹಾರದ ನಿಮ್ಮ ಮನೆಯ ಜಗಲಿ ಮೇಲೆ ಕೂತು ಚೀಲ ಹೊಲಿಯುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಿಮ್ಮ ಹಳೇ ಪಂಚೆಗಳನ್ನು ಅಂಗೈಯಗಲ ಕತ್ತರಿಸಿ, ಬಾಯಿಗೆ ನೂಲು ಪೋಣಿಸಿ, ಸೀಸನ್ನಿಗೆ ನೂರಾರು ಚೀಲ. ಒಂದೊಂದು ಮೊಗ್ಗಿನ ಗೊಂಚಲಿಗೂ ಒಂದೊಂದು ಚೀಲ ಕಟ್ಟಿ, ಮೇಲೆ ತಾರೀಖು ಬರೆದು, ದಿನ ಲೆಕ್ಕ ಹಾಕಿ ಕೀಳಬೇಕು. ಇರುವೆ ಹತ್ತಬಾರದು, ಅಳಿಲು ಮುಟ್ಟಬಾರದು, ಹಕ್ಕಿ ಕುಕ್ಕಬಾರದು. "ವಯಸ್ಸು ಗೊತ್ತಿಲ್ಲದ ಮೊಗ್ಗು ಸಾಕ್ಷಿ ಹೇಳೋಕೆ ಬರಲ್ಲ ಕಣಮ್ಮ" ಅನ್ನುತ್ತಿದ್ದಿರಿ. ಶಾರದಮ್ಮನವರು ಮಾತ್ರ, "ನೋಡೇ ಗಿರಿಜಾ, ಇವರು ಮನೇಲಿ ಹರಕಲು ಉಟ್ಕೊಂಡು, ಒಳ್ಳೇ ಪಂಚೇನೆಲ್ಲ ಮಾವಿನ ಮರಕ್ಕೆ ಉಡಿಸ್ಬಿಟ್ರು" ಅಂತ ನಗುತ್ತಿದ್ದರು. ಚೀಲದೊಳಗಿನ ಹೂ ಒಂದೂ ಕಾಯಿ ಕಟ್ಟದೆ ಒಣಗಿ ಉದುರುತ್ತಿತ್ತು. ಬಿಸಿಲು ಜಾಸ್ತಿ ಅಂದಿರಿ. ಮುಂದಿನ ವರ್ಷ ಬಟ್ಟೆ ದಪ್ಪ ಅಂದಿರಿ. ಅದರ ಮುಂದಿನ ವರ್ಷ...

ರಾಜ್ಯ ಒಂದಾದ ಮೇಲೆ ನಮ್ಮ ಪ್ರಾಕ್ಟಿಕಲ್ ರೂಮು ತುಂಬಿ ತುಳುಕಿದ ದಿನ ನೀವು ಹಣೆ ಹಣೆ ಚಚ್ಚಿಕೊಂಡಿರಿ. ಇದ್ದದ್ದು ಒಂದೇ ಮೈಕ್ರೋಟೋಮು. ಮೇಣದ ಅಚ್ಚಿನಲ್ಲಿ ಹುದುಗಿಸಿದ ಮೊಗ್ಗನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು ಲಾಡಿಯ ಹಾಗೆ ಉದ್ದಕ್ಕೆ ಬಿಡುವ ಯಂತ್ರ ಅದು. ಬಿ.ಎಸ್ಸಿ. ಕೊನೇ ವರ್ಷದವರು ಪರೀಕ್ಷೆಯಲ್ಲಿ ಅದೇ ಯಂತ್ರದಲ್ಲಿ ಕೊಯ್ದು ಸ್ಲೈಡು ಮಾಡಿ ತೋರಿಸಬೇಕು. ಬದನಿಕೆ ಹೂ ಬಿಡುವುದೂ ಪರೀಕ್ಷೆ ಬರುವುದೂ ಒಂದೇ ಹೊತ್ತಿಗೆ. ಜನವರಿಯಿಂದ ಮಾರ್ಚಿನವರೆಗೆ ಯಂತ್ರದ ಕೋಣೆಗೆ ಒಳಗಿನಿಂದ ಚಿಲಕ, ಒಳಗೆ ನೀವು ಮತ್ತು ನಾನು. ಹೊರಗೆ ಅವರು ಕಿಟಕಿಯಿಂದ ಇಣುಕಿ ಯಂತ್ರ ಹೇಗೆ ತಿರುಗುತ್ತದೆ ಅಂತ ನೋಡಿ ಹೋಗುತ್ತಿದ್ದರು. ಈಜು ಕಲಿಯುವವರನ್ನು ಕೆರೆ ಏರಿಯ ಮೇಲೆ ಕೂರಿಸಿದ ಹಾಗೆ. ವರ್ಷವರ್ಷವೂ ಅರ್ಧಕ್ಕರ್ಧ ಜನ ಪ್ರಾಕ್ಟಿಕಲ್ಲಿನಲ್ಲಿ ಡುಮ್ಕಿ ಹೊಡೆದರೆ ಅದು ಅವರ ಸೋಮಾರಿತನ ಅಂತ ನಾವು ಅಂದುಕೊಂಡೆವು. ನಾವು ಅಂತ ಬರೆದಿದ್ದೇನೆ, ನೋಡಿ. ನಿಮ್ಮ ತಲೆಗೇ ಎಲ್ಲ ಕಟ್ಟುವಷ್ಟು ಕೆಟ್ಟವಳಲ್ಲ ನಾನು.

ಮರಿಗೌಡರು ಅವತ್ತು ಬಾಯಿ ಬಿಟ್ಟದ್ದು ನಿಮಗೆ ಮರೆತಿರಲಾರದು. ಕೆಸರೆಯಾಚೆಯ ಹಳ್ಳಿಯವರು, ಮಿಡ್ಲ್ ಸ್ಕೂಲಿನ ಉಪಾಧ್ಯಾಯರು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು. ರಜೆ ಹಾಕಿ ಬಿ.ಎಸ್ಸಿ. ಓದಲು ಬಂದು, ಎರಡು ಸಲ ಪ್ರಾಕ್ಟಿಕಲ್ಲಿನಲ್ಲೇ ಬಿದ್ದು, ಮತ್ತೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ನೀವು ಮೇಜಿನ ಮೇಲೆ ಚೀಲಗಳನ್ನು ಹರಡಿಕೊಂಡು ನೂಲು ಬಿಗಿಯುತ್ತಿದ್ದಿರಿ. ಅವರು ಎದ್ದು ನಿಂತು, "ಸಾ, ಬದ್ನಿಕೆ ಹೂವ ಸೂರಕ್ಕಿ ಬಂದು ಕುಕ್ಕಿದ್ರೇನೇ ಒಡ್ಯೋದು. ಚೀಲ ಕಟ್ಬುಟ್ರೆ ಅದು ಅಂಗೇ ಮುಚ್ಕೊಂಡು ಒಣಗೋಯ್ತದೆ. ನಮ್ಮಾವನ ತೋಪಲ್ಲಿ ನೋಡಿವ್ನಿ" ಅಂದರು. ನೀವು ಕನ್ನಡಕದ ಮೇಲಿಂದ ನೋಡಿ, "ಎರಡು ಸಲ ಡುಮ್ಕಿ ಹೊಡೆದೋರು ನನಗೆ ಬದನಿಕೆ ಪಾಠ ಹೇಳೋದೇನಯ್ಯಾ? ನೇಗಿಲು ಹಿಡಿಯೋ ಕೈಗೆ ಇದೆಲ್ಲ ಹತ್ತೋದಲ್ಲ, ಕೂತ್ಕೋ" ಅಂದಿರಿ. ಕ್ಲಾಸು ನಕ್ಕಿತು. ನಾನೂ ನಕ್ಕೆ, ಮೇಷ್ಟ್ರೇ. ಅದೇ ನನಗೆ ಈಗಲೂ ಮುಳ್ಳಿನ ಹಾಗೆ ಚುಚ್ಚುವುದು. ನೀವು ಅಂದಿರಿ, ಸರಿ, ನಿಮ್ಮ ಬಾಯೇ ಹಾಗೆ. ನನಗೇನಾಗಿತ್ತು?

ಕಾರ್ತಿಕದಲ್ಲಿ ನೀವು ಹಾಸಿಗೆ ಹಿಡಿದು ಮಲಗಿದ್ದಾಗ ನನ್ನ ಮುಂಗೈ ಹಿಡಿದುಕೊಂಡಿರಿ. ನಿಮ್ಮ ಕೈ ಅಷ್ಟು ತಣ್ಣಗಿರಬಹುದು ಅಂತ ನಾನು ಎಣಿಸಿರಲಿಲ್ಲ. "ಬದನಿಕೆ ಕೆಲಸ ಮುಗಿಸಿಬಿಡಮ್ಮ. ಈ ಸೀಸನ್ ಕೈಬಿಡಬೇಡ. ಇಲ್ಲದೇ ಇದ್ರೆ ಇಷ್ಟು ವರ್ಷದ್ದೂ..." ಅಷ್ಟಕ್ಕೇ ಕೆಮ್ಮು ಬಂತು. "ಖಂಡಿತ ಮುಗಿಸ್ತೀನಿ ಮೇಷ್ಟ್ರೇ" ಅಂದೆ. ಆಗ ಬೇರೇನು ಹೇಳುವುದು? ಮೂರನೇ ದಿನ ನೀವಿಲ್ಲ. ಮಾತು ಕೊಟ್ಟವಳು ನಾನು, ವಾಪಸ್ಸು ಕೇಳಲು ನೀವಿಲ್ಲ.

ಸಂಕ್ರಾಂತಿಯ ಮರುದಿನ ಹೊಸ ಮುಖ್ಯಸ್ಥರು ನನ್ನನ್ನು ಕರೆದು ಬಿ.ಎಸ್ಸಿ. ಪ್ರಾಕ್ಟಿಕಲ್ ಅಷ್ಟನ್ನೂ ನನಗೇ ಒಪ್ಪಿಸಿದರು. ನಿಮ್ಮ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ಬೆಳಿಗ್ಗೆ ತೋಪು, ಹಗಲು ಕ್ಲಾಸು, ಮಧ್ಯೆ ಸಿಕ್ಕ ಗಳಿಗೆಯಲ್ಲಿ ಯಂತ್ರ ಅಂತ ಮಾಡಿಕೊಂಡೆ. ಎರಡು ವಾರಕ್ಕೇ ಎರಡೂ ಕೆಟ್ಟವು. ತೋಪಿನಲ್ಲಿದ್ದಾಗ ಕ್ಲಾಸಿನ ಯೋಚನೆ, ಕ್ಲಾಸಿನಲ್ಲಿದ್ದಾಗ ತೋಪಿನದು. ಯಾರಾದರೂ ಅನುಮಾನ ಕೇಳಿದರೆ ಸಿಡುಕುತ್ತಿದ್ದೆ. ಒಂದು ದಿನ ಒಂದು ಹುಡುಗಿಗೆ ನಿಮ್ಮದೇ ದನಿಯಲ್ಲಿ, ನಿಮ್ಮದೇ ಮಾತಿನಲ್ಲಿ ಬೈದೆ. ಬೈದ ಮೇಲೆ ನನ್ನ ಬಾಯಿ ನನಗೇ ಕಹಿಯಾಯಿತು.

ಮರಿಗೌಡರು ರೆಕಾರ್ಡು ಪುಸ್ತಕ ಹಿಡಿದು ಯಂತ್ರದ ಕೋಣೆಯ ಬಾಗಿಲು ತಟ್ಟಿದ್ದು ಅದೇ ವಾರ. "ಇದ್ನ ಇಲ್ಲೇ ಮಡಗಿ ಓಗ್ತೀನಿ ಮೇಡಮ್" ಅಂದರು. ಯಾಕೆ ಅಂದೆ. "ಈ ಜೂನಿಗೆ ನನ್ ರಜ ಮುಗೀತದೆ. ಇನ್ನೊಂದ್ಸಲ ಕೊಡಲ್ಲ ಅಂದ್ಬುಟ್ರು. ಈ ಕೊಯ್ಯೋ ಕೆಲ್ಸ ನಂಗೆ ಕೈಗೆ ಅತ್ತಾನೇ ಇಲ್ಲ. ಪರೀಕ್ಷೇಲಿ ಎಲ್ರ ಮುಂದೆ ಮರ್ಯಾದೆ ಕಳ್ಕೊಳ್ಳೋ ಬದ್ಲು ಈಗ್ಲೇ ಓಗೋದು ವಾಸಿ." "ಎಷ್ಟು ಸಲ ಯಂತ್ರ ತಿರುಗಿಸಿದ್ದೀರಿ?" ಅಂದೆ. ಅವರು ಸ್ವಲ್ಪ ಯೋಚನೆ ಮಾಡಿ, "ಪರೀಕ್ಷೆ ದಿನ, ಎರಡ್ಸಲ" ಅಂದರು. ಮೂರು ವರ್ಷದಲ್ಲಿ, ಮೇಷ್ಟ್ರೇ, ಪರೀಕ್ಷೆಯ ದಿನ ಬಿಟ್ಟರೆ ಒಂದು ಸಲವೂ ಇಲ್ಲ. ಮುಟ್ಟಲು ಬಿಡದ ಯಂತ್ರ ಕೈಗೆ ಹತ್ತುವುದು ಹೇಗೆ? ನಾನು ಎದ್ದು ನನ್ನ ಅಚ್ಚನ್ನು ಯಂತ್ರದಿಂದ ತೆಗೆದೆ. "ಕೂತ್ಕೊಳ್ಳಿ. ಇವತ್ತಿಂದ ಪರೀಕ್ಷೆ ಆಗೋವರೆಗೂ ಈ ಯಂತ್ರ ಕ್ಲಾಸಿಂದು" ಅಂದೆ. ಅಂದುಬಿಟ್ಟೆ. ಆಮೇಲೆ ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ನಿಮಗೆ ಕೊಟ್ಟ ಮಾತು ನೆನೆದು ಅಳು ಬಂತು. ಸೀಸನ್ನು ಕೈಬಿಟ್ಟೆ ಅಂತಲೇ ನಂಬಿದ್ದೆ.

ಮರುವಾರ ಕೊಯ್ದು ಕಲಿಯಲು ಮೊಗ್ಗುಗಳು ಸಾಲದೇ ಹೋದದ್ದರಿಂದ ಕ್ಲಾಸನ್ನೆಲ್ಲ ಕೆಸರೆಗೆ ಕರೆದುಕೊಂಡು ಹೋದೆ. ಬದನಿಕೆಯಾದರೇನು, ಕೊಯ್ಯಲು ಕಲಿತರೆ ಸಾಕು ಅಂತ. ಅಲ್ಲಿ ನಮ್ಮ ಚೀಲ ಕಟ್ಟಿದ ಕೊಂಬೆಗಳು, ಪಕ್ಕದಲ್ಲೇ ಕಟ್ಟದವು. ನಾನು ತಲೆ ಬಗ್ಗಿಸಿ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದಾಗ ಮರಿಗೌಡರು ಮೆಲ್ಲಗೆ, "ಮೇಡಮ್, ಅಲ್ನೋಡಿ" ಅಂದರು. ಬೆರಳುದ್ದದ ಸೂರಕ್ಕಿ ಒಂದು ಗೊಂಚಲಿಗೆ ನೇತುಬಿದ್ದು ಮೊಗ್ಗಿನ ತುದಿಯನ್ನು ಕೊಕ್ಕಿನಿಂದ ಹಿಂಡಿತು. ಟಪ್ ಅಂತ ಸಣ್ಣ ಸದ್ದಾಗಿ ಮೊಗ್ಗು ಸಿಡಿದು ಬಿಚ್ಚಿಕೊಂಡಿತು. ಹಕ್ಕಿಯ ಹಣೆಯ ಮೇಲೆ ಹಳದಿ ಪುಡಿ. ಅದನ್ನು ಹೊತ್ತುಕೊಂಡು ಅದು ಮುಂದಿನ ಹೂವಿಗೆ ಹೋಯಿತು. ಚೀಲಗಳ ಹತ್ತಿರ ಒಂದು ಸಲ ಸುಳಿದು, ಬಿಟ್ಟು ಹೋಯಿತು. ನಾನು ಆ ಚೀಲಗಳನ್ನೇ ನೋಡುತ್ತ ನಿಂತೆ. ಏಳು ವರ್ಷ ನಾವು ಮದುವೆಯ ಮನೆಯ ಬಾಗಿಲು ಹಾಕಿಕೊಂಡು ಒಳಗೆ ಮಗು ಹುಡುಕಿದ್ದೆವು. "ನಾನವತ್ತೇ ಅಂದಿದ್ನಲ್ಲ" ಅಂತ ಮರಿಗೌಡರು ಅನ್ನಬಹುದಿತ್ತು. ಅನ್ನಲಿಲ್ಲ. ಬೇರೆ ಕಡೆ ನೋಡಿದರು.

ಹೂವಿನ ವಯಸ್ಸು ಗೊತ್ತಾಗುವುದು ಹೇಗೆ ಅನ್ನುವ ನಿಮ್ಮ ಪ್ರಶ್ನೆ ಆಗಲೂ ನನ್ನ ಕಿವಿಯಲ್ಲಿತ್ತು. ಅದಕ್ಕೆ ದಾರಿ ಹೇಳಿದವರೂ ಅವರೇ. "ಒಬ್ಬೊಬ್ರು ಒಂದೊಂದು ಕೊಂಬೆ ಕಾಯಾನ. ಅಕ್ಕಿ ಬಂದು ಒಡೆದೇಟ್ಗೇ ಆ ಹೂವಿಗೆ ದಾರ ಕಟ್ಬುಡಾನ" ಅಂದರು. ಹಾಗೇ ಮಾಡಿದೆವು. ಬೆಳಿಗ್ಗೆ ಕೆಂಪು ದಾರ, ಸಂಜೆ ನೀಲಿ ದಾರ, ಜೊತೆಗೆ ಚೀಟಿಯ ಮೇಲೆ ಗಂಟೆ. ಸರದಿಯ ಮೇಲೆ ಇಬ್ಬಿಬ್ಬರು ಮರದ ಕೆಳಗೆ. ಪುಸ್ತಕ ತಂದುಕೊಂಡು ಓದುತ್ತ ಕಾದರು, ಕಡಲೆಕಾಯಿ ತಿನ್ನುತ್ತ ಕಾದರು, ಜಗಳವಾಡುತ್ತಲೂ ಕಾದರು. ತಾವು ದಾರ ಕಟ್ಟಿದ ಹೂವನ್ನು ತಾವೇ ಕಿತ್ತು, ತಾವೇ ಮೇಣದಲ್ಲಿಟ್ಟು, ತಾವೇ ಕೊಯ್ದರು. ಮೊದಲ ವಾರ ಮೇಣದ ಪುಡಿಯಲ್ಲದೆ ಬೇರೇನೂ ಬರಲಿಲ್ಲ. ಯಂತ್ರದ ನಿಮ್ಮ ಒಳ್ಳೇ ಕತ್ತಿಗೆ ಎರಡು ಕಡೆ ಹಲ್ಲು ಬಿದ್ದಿದೆ, ಅದನ್ನೂ ಹೇಳಿಬಿಡುತ್ತೇನೆ. ನೀವಿದ್ದಿದ್ದರೆ ಕಾಲೇಜೇ ನಡುಗುವ ಹಾಗೆ ಕೂಗುತ್ತಿದ್ದಿರಿ. ಮಸೆಯುವ ಕಲ್ಲಿದೆ, ಮಸೆದುಕೊಂಡೆವು.

ಮಾರ್ಚಿನ ಒಂದು ಮಧ್ಯಾಹ್ನ, ನಾನು ಬೈದಿದ್ದೆನಲ್ಲ ಆ ಹುಡುಗಿ, "ಮೇಡಮ್, ನನ್ನ ಸ್ಲೈಡಲ್ಲಿ ಏನೋ ಎರಡೆರಡು ಕಾಣ್ತಿದೆ, ಬಣ್ಣ ಜಾಸ್ತಿ ಆಯ್ತೇನೋ" ಅಂತ ಹೆದರುತ್ತ ಬಂದಳು. ಬಣ್ಣವೇನೋ ಜಾಸ್ತಿಯೇ ಆಗಿತ್ತು. ಒಂದು ಮೂಲೆ ಹರಿದಿತ್ತು. ಕಣ್ಣಿಟ್ಟು ನೋಡಿದೆ. ನಡುವೆ ಒಂದು ಗೋಡೆ, ಆ ಕಡೆ ಒಂದು ಕೋಶ, ಈ ಕಡೆ ಒಂದು. ಅದೇ, ಮೇಷ್ಟ್ರೇ. ನಾನು ಪಕ್ಕಕ್ಕೆ ಸರಿದು ಅವಳನ್ನೇ ಮತ್ತೆ ನೋಡಲು ಹೇಳಿದೆ. ಆಮೇಲೆ ಎಲ್ಲರೂ ಸಾಲಾಗಿ ಬಂದು ನೋಡಿದರು. ನೀವು ಮಾತ್ರ ಆ ಸಾಲಿನಲ್ಲಿರಲಿಲ್ಲ. ಮುಂದಿನ ಎರಡು ವಾರದಲ್ಲಿ ಅದೇ ಹಂತ ಬೇರೆ ಸ್ಲೈಡುಗಳಲ್ಲೂ ಸಿಕ್ಕಿತು. ಮರಿಗೌಡರ ಸ್ಲೈಡಿನಲ್ಲಿ ಮಾತ್ರ ಒಂದೂ ಇಲ್ಲ. ಪಾಪ, ಅವರ ಲಾಡಿ ಆಗಲೂ ಹರಿಯುತ್ತಿತ್ತು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಮರಿಗೌಡರ ಬೆನ್ನ ಹಿಂದೆ ಹೋಗಿ ನಿಂತುಬಿಟ್ಟರು. ನಾನು ಬಾಗಿಲ ಹತ್ತಿರ ನಿಂತು ಕಾಣದ ದೇವರಿಗೆಲ್ಲ ಕೈಮುಗಿಯುತ್ತಿದ್ದೆ. ಮರಿಗೌಡರ ಕುತ್ತಿಗೆಯ ಮೇಲೆ ಬೆವರು. ಚಕ್ರ ಹಿಡಿದವರು ಒಂದು ಸಲ ಬಿಟ್ಟರು. ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಮತ್ತೆ ಹಿಡಿದರು. ಲಾಡಿ ಹರಿಯದೆ ಬಂತು. ಉದ್ದ ಅಂತ ಏನೂ ಅಲ್ಲ, ಒಂದು ಗೇಣು. ಸಾಕಲ್ಲ? ಫಲಿತಾಂಶ ಬಂದ ದಿನ ಬೋರ್ಡಿನ ಮುಂದೆ ನಾನೇ ಮೊದಲು ನಿಂತಿದ್ದೆ. ಈ ವರ್ಷ ನಮ್ಮ ಕ್ಲಾಸಿನಲ್ಲಿ ಪ್ರಾಕ್ಟಿಕಲ್ಲಿನಲ್ಲಿ ಬಿದ್ದವರು ಯಾರೂ ಇಲ್ಲ. ಥಿಯರಿಯಲ್ಲಿ ಇಬ್ಬರು ಹೋಗಿದ್ದಾರೆ, ಅವರಿಗೆ ನಾನೇ ಪಾಠ ಹೇಳುತ್ತಿದ್ದೇನೆ. ಮರಿಗೌಡರು ಪಾಸು.

ಹೋದ ಶುಕ್ರವಾರ ಶಾರದಮ್ಮನವರನ್ನು ನೋಡಲು ಅಗ್ರಹಾರಕ್ಕೆ ಹೋಗಿದ್ದೆ. ಲೇಖನ ಬರೆದಾಗಿತ್ತು, ಹೆಸರಿನದೊಂದೇ ಉಳಿದಿತ್ತು. ನಿಮ್ಮದು ಮೊದಲು, ನನ್ನದು ಎರಡನೆಯದು. ಮರಿಗೌಡರದನ್ನು ಮೂರನೆಯದಾಗಿ ಹಾಕಬೇಕು ಅಂತ ನನ್ನ ಮನಸ್ಸು, ಆದರೆ ನಿಮಗೆ ಅವಮಾನ ಮಾಡಿದ ಹಾಗಾಗುತ್ತದೇನೋ ಅಂತ ಅಳುಕು. ಆ ಚೀಲದ ತಪ್ಪನ್ನೂ ಬರೆಯದೆ ಲೇಖನ ನಿಲ್ಲುವುದಿಲ್ಲ. ಅದೆಲ್ಲವನ್ನೂ ಹೇಳಿಕೊಂಡು ಅತ್ತೆ. ಶಾರದಮ್ಮನವರು ಹೂ ಕಟ್ಟುವುದನ್ನು ನಿಲ್ಲಿಸಿ, "ನೇಗಿಲು ಗೀಗಿಲು ಅಂತ ಅಂದಿದ್ರು ಅಲ್ವೇನೇ ಅವರು?" ಅಂದರು. ನಿಮಗೆ ಹೇಗೆ ಗೊತ್ತು ಅಂದೆ. "ಅವತ್ತು ಮನೆಗೆ ಬಂದೋರು ಎಲೆ ಮುಂದೆ ಕೂತ್ಕೊಳ್ಳಲೇ ಇಲ್ಲ. ಇವತ್ತು ಒಬ್ಬನಿಗೆ ಅನ್ನಬಾರದ ಮಾತು ಅಂದೆ ಕಣೇ, ಅವನ ಮುಖ ನೋಡೋಕಾಗ್ಲಿಲ್ಲ ಅಂದ್ರು. ಹೋಗಿ ಒಂದು ಮಾತು ಹೇಳಿ ಬನ್ನಿ ಅಂದೆ. ಹೇಳ್ತೀನಿ ಹೇಳ್ತೀನಿ ಅಂತಲೇ ಕಾಲ ಹೋಯ್ತು. ನಿಮ್ಮ ಮೇಷ್ಟ್ರಿಗೆ ಬೈಯೋಕೆ ಬರ್ತಿತ್ತು, ತಪ್ಪಾಯ್ತು ಅನ್ನೋಕೆ ನಾಲಿಗೆ ಏಳ್ತಿರಲಿಲ್ಲ. ಹಾಕಮ್ಮ ಹೆಸರು, ನಾನು ಹೇಳ್ತಿದೀನಿ" ಅಂದರು.

ಯಾಕೆ ನನಗೊಂದು ಮಾತು ಹೇಳಲಿಲ್ಲ, ಮೇಷ್ಟ್ರೇ? ನಾನೂ ನಕ್ಕವಳು, ನನಗಾದರೂ ಹೇಳಬಹುದಿತ್ತು. ಎಂಟು ತಿಂಗಳು ನಿಮ್ಮನ್ನು ಎಷ್ಟು ಕಲ್ಲೆದೆಯವರು ಅಂದುಕೊಂಡಿದ್ದೆ ಗೊತ್ತೇ? ಅಗ್ರಹಾರದಿಂದ ಮನೆಗೆ ಬರುವಾಗ ಬಿಸಿಲಲ್ಲಿ ಕೊಡೆ ಬಿಚ್ಚುವುದನ್ನೂ ಮರೆತು ನಗುತ್ತ ಬಂದೆ. ನೀವು ಊಟ ಬಿಟ್ಟದ್ದಕ್ಕೆ ಇಷ್ಟು ಸಂತೋಷ ಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಲೇಖನ ಇವತ್ತಿನ ಅಂಚೆಗೆ ಹೋಗುತ್ತದೆ. ಅಚ್ಚಾಗುತ್ತದೋ ತಿರುಗಿ ಬರುತ್ತದೋ ಗೊತ್ತಿಲ್ಲ. ನನ್ನ ಡಾಕ್ಟರೇಟು ಇದರಿಂದ ಬರುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ. ಬಂದರೆ ಬಿಡುವುದಿಲ್ಲ, ನನಗೂ ಆಸೆಯಿದೆ. ಆದರೆ ಯಂತ್ರದ ಕೋಣೆಗೆ ಇನ್ನು ಮೇಲೆ ಒಳಗಿನಿಂದ ಚಿಲಕ ಹಾಕುವುದಿಲ್ಲ ಅಂತ ನಿಮಗೆ ಮಾತು ಕೊಡುತ್ತೇನೆ. ಕಾರ್ತಿಕದಲ್ಲಿ ಕೊಟ್ಟ ಮಾತನ್ನು ಹೇಗೋ ಉಳಿಸಿಕೊಂಡೆ, ಇದನ್ನೂ ಉಳಿಸಿಕೊಳ್ಳುತ್ತೇನೆ.

ಕೊನೆಗೆ ಒಂದು ಸುದ್ದಿ, ಇದಕ್ಕಾಗಿಯೇ ಕಾಗದ ಬರೆಯಲು ಕೂತದ್ದು. ನಿನ್ನೆ ಮರಿಗೌಡರು ಸ್ಕೂಲಿಗೆ ವಾಪಸ್ಸು ಹೋಗುವ ಮುಂಚೆ ಹೇಳಿಹೋಗಲು ಬಂದಿದ್ದರು. ಲೇಖನದಲ್ಲಿ ಅವರ ಹೆಸರು ತೋರಿಸಿದೆ. ನಿಮ್ಮ ಹೆಸರಿನ ಕೆಳಗೆ ತಮ್ಮದನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಾನು ಶಾರದಮ್ಮನವರು ಹೇಳಿದ್ದನ್ನು ಹೇಳಿದೆ. ಅವತ್ತು ನೀವು ಊಟ ಮಾಡಲಿಲ್ಲ ಅಂತ. ನಾನು ನಕ್ಕದ್ದಕ್ಕೆ ನನ್ನ ಪಾಲಿನ ತಪ್ಪನ್ನೂ ಒಪ್ಪಿಕೊಂಡೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು.

"ಮಾವನ ಮನೇಲಿ ಬಿಸಿ ಮುದ್ದೆ ಇಕ್ಕಿದ್ರು ಮೇಡಮ್, ನಂಗೂ ಗಂಟ್ಲಲ್ಲಿ ಇಳೀನಿಲ್ಲ" ಅಂದರು. ಆಮೇಲೆ ಇತ್ತ ತಿರುಗಿ, "ಅಂಗಾರೆ ಅವತ್ತು ನಾನೂ ಮೇಷ್ಟ್ರೂ ಇಬ್ರೂ ಉಪಾಸ ಅನ್ನಿ" ಅಂದರು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಮೇಷ್ಟ್ರೇ. ಒಂದಿಷ್ಟೂ ಇರಲಿಲ್ಲ.

ಇನ್ನೂ ಮಾತು ಕಮ್ಮಿ ಮಾಡದ ನಿಮ್ಮ ಶಿಷ್ಯೆ,
ಗಿರಿಜಾ